ಡೇಟಾಬೇಸ್ ನಿಧಾನ ಆಗುವುದಾದರೆ ಚೆಕ್‌ಸಮ್ ಡಿಫಾಲ್ಟ್ ಆಗಿ ಆನ್ ಯಾಕೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 18ನೇ ಆವೃತ್ತಿಯಲ್ಲಿ ಡೇಟಾ ಚೆಕ್‌ಸಮ್, ಅಂದರೆ ಡಿಸ್ಕ್‌ನಲ್ಲಿ ಡೇಟಾ ಕೆಟ್ಟಿದೆಯೇ ಅಂತ ಹಿಡಿಯುವ ತಾಳೆ ಅಂಕಿ, ತಾನಾಗಿಯೇ ಆನ್ ಆಗಿ ಬರುತ್ತದೆ. ಬೇಕಾದವರು ಹಾಕಿಕೊಳ್ಳಲಿ, ಎಲ್ಲರ ತಲೆಗೂ ಯಾಕೆ ಕಟ್ಟಬೇಕು ಅಂತ ನೀವು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ವಾದ ಮಾಡುತ್ತಿದ್ದೆ.

ಮೊದಲು ಖರ್ಚು ಎಲ್ಲಿದೆ ನೋಡಿ. ಡೇಟಾಬೇಸ್ ತನ್ನ ಡೇಟಾವನ್ನು 8 ಕೆಬಿಯ ಪೇಜ್‌ಗಳಾಗಿ ಇಡುತ್ತದೆ; ಒಂದೊಂದು ಪೇಜ್ ಡಿಸ್ಕ್‌ಗೆ ಹೋಗುವಾಗ ಚೆಕ್‌ಸಮ್ ಲೆಕ್ಕ ಹಾಕುತ್ತದೆ, ಡಿಸ್ಕ್‌ನಿಂದ ಬರುವಾಗ ತಾಳೆ ನೋಡುತ್ತದೆ. ಮೆಮೊರಿಯಲ್ಲೇ ಇರುವ ಪೇಜ್‌ಗೆ ಈ ಕೆಲಸ ಇಲ್ಲ. ಜಾಸ್ತಿ ಬೀಳುವುದು ಹಿಂಟ್ ಬಿಟ್‌ನಿಂದ, ಅಂದರೆ ಸಾಲು ಬರೆದ ಟ್ರಾನ್ಸಾಕ್ಷನ್ ಮುಗಿದಿದೆಯೇ ಅಂತ ಓದುವಾಗಲೂ ಪೇಜ್‌ನಲ್ಲಿ ಹಾಕುವ ಸಣ್ಣ ಗುರುತಿನಿಂದ. ಚೆಕ್‌ಸಮ್ ಆನ್ ಇದ್ದರೆ, ಚೆಕ್‌ಪಾಯಿಂಟ್ (ಬದಲಾದ ಪೇಜ್‌ಗಳನ್ನೆಲ್ಲ ಆಗಾಗ ಡಿಸ್ಕ್‌ಗೆ ಇಳಿಸುವ ಕೆಲಸ) ಆದಮೇಲೆ ಒಂದು ಪೇಜ್‌ನಲ್ಲಿ ಮೊದಲ ಬದಲಾವಣೆ ಬರೀ ಹಿಂಟ್ ಬಿಟ್ ಆಗಿದ್ದರೂ ಇಡೀ ಪೇಜ್ ವಾಲ್‌ಗೆ, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ಲಾಗ್‌ಗೆ, ಹೋಗುತ್ತದೆ. ಸುಮ್ನೆ ಒಂದು ಸೆಲೆಕ್ಟ್ ಓಡಿಸಿದರೂ ವಾಲ್ ಬೆಳೆಯಬಹುದು! ಹಾಗಾಗಿ ನಿಮ್ಮ ದೂರು ಸುಳ್ಳಲ್ಲ.

ಆದರೆ ನನಗೆ ಬುದ್ಧಿ ಬಂದದ್ದು ಬೇರೆ ಕಡೆ. ಒಂದು ಸಣ್ಣ ಬಿಲ್ಲಿಂಗ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದೆ. ಚೆಕ್‌ಸಮ್ ಆಫ್. ಡಿಸ್ಕ್ ಒಳಗೊಳಗೇ ಕೆಡುತ್ತಿತ್ತು. ವರ್ಷದ ಕೊನೆಗೆ ಲೆಕ್ಕ ಕೂಡಲಿಲ್ಲ. ಬ್ಯಾಕಪ್ ತೆಗೆದು ನೋಡಿದರೆ ಅಲ್ಲೂ ಅದೇ ತಪ್ಪು ಅಂಕಿ, ತಿಂಗಳುಗಟ್ಟಲೆ ಹಿಂದಿನದು. ಡಂಪ್ ಒಂದು ದಿನವೂ ಗೊಣಗಿರಲಿಲ್ಲ.

ಈ ಸೌಲಭ್ಯ 2013ರ 9.3 ಆವೃತ್ತಿಯಿಂದಲೂ ಇತ್ತು, ಆದರೆ ಡೇಟಾಬೇಸ್ ಹೊಸದಾಗಿ ಹುಟ್ಟಿಸುವ ಇನಿಟ್‌ಡಿಬಿ ಓಡಿಸುವಾಗಲೇ ನೆನಪಿಟ್ಟು ಕೇಳಬೇಕಿತ್ತು. ಆಮೇಲೆ ಹಾಕಲು ಪಿಜಿ_ಚೆಕ್‌ಸಮ್ಸ್ ಎಂಬ ಟೂಲ್ ಬಂದದ್ದು 12ನೇ ಆವೃತ್ತಿಯಲ್ಲಿ, ಅದೂ ಸರ್ವರ್ ನಿಲ್ಲಿಸಿ. ವೇಗ ಅಳೆದು ನೋಡುವವನಿಗೆ ಆಫ್ ಮಾಡುವುದು ಗೊತ್ತಿರುತ್ತದೆ. ಕೆಟ್ಟ ಡಿಸ್ಕ್ ಇಟ್ಟುಕೊಂಡವನಿಗೆ ಚೆಕ್‌ಸಮ್ ಎಂಬ ಹೆಸರೇ ಗೊತ್ತಿರುವುದಿಲ್ಲ. ನಾನೇ ಸಾಕ್ಷಿ.

ಹಾಗಂತ ಡಿಫಾಲ್ಟ್ ಎಲ್ಲವನ್ನೂ ಒಪ್ಪುವವನಲ್ಲ ನಾನು. ಜಿಟ್, ಅಂದರೆ ಕ್ವೆರಿಯ ಭಾಗಗಳನ್ನು ಓಡುವ ಹೊತ್ತಿಗೇ ಕಂಪೈಲ್ ಮಾಡುವ ಸೌಲಭ್ಯ, 11ರಲ್ಲಿ ಆಫ್ ಇತ್ತು, 12ರಲ್ಲಿ ಆನ್ ಮಾಡಿದರು. ಕ್ವೆರಿ ಹೇಗೆ ಓಡಿಸಬೇಕೆಂದು ತೀರ್ಮಾನಿಸುವ ಪ್ಲಾನರ್‌ನ ಅಂದಾಜು ತಪ್ಪಿದಾಗ ನನ್ನ ಸಣ್ಣ ರಿಪೋರ್ಟ್‌ಗಳಲ್ಲಿ ಕ್ವೆರಿಗಿಂತ ಕಂಪೈಲ್‌ಗೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅದನ್ನು ಆಫ್ ಮಾಡಿಯೇ ಬಿಟ್ಟೆ. ಆ ಹೊತ್ತು ಎಷ್ಟೆಂದು ಎಕ್ಸ್‌ಪ್ಲೇನ್ ಅನಲೈಜ್ ಕಮಾಂಡ್‌ನಲ್ಲಿ ಕಾಣುತ್ತದೆ, ಒಂದು ಸೆಟ್ ಕಮಾಂಡ್‌ಗೆ ಸರಿಹೋಗುತ್ತದೆ. ಅದಕ್ಕೇ ಆ ತಪ್ಪಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ.

ನಿಮ್ಮ ಕೆಲಸದ ಮೇಲೆ ಚೆಕ್‌ಸಮ್ ಆನ್, ಆಫ್ ಎರಡೂ ಥರ ವೇಗ ಅಳೆಯುವ ಪಿಜಿಬೆಂಚ್ ಓಡಿಸಿ ನೋಡಿ. ಇನ್ನೊಂದು ಮಾತು: ಚೆಕ್‌ಸಮ್ ಇಲ್ಲದ ಹಳೆಯ ಕ್ಲಸ್ಟರ್‌ನಿಂದ (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪು) ಹೊಸ ಆವೃತ್ತಿಗೆ ಪಿಜಿ_ಅಪ್‌ಗ್ರೇಡ್ ಮಾಡುವುದಾದರೆ ಎರಡೂ ಕಡೆ ಒಂದೇ ಸೆಟ್ಟಿಂಗ್ ಇರಬೇಕು, ಇಲ್ಲದಿದ್ದರೆ ಅದು ಮುಂದಕ್ಕೇ ಹೋಗುವುದಿಲ್ಲ. ಹೇಗೂ ಸರ್ವರ್ ನಿಲ್ಲಿಸುತ್ತೀರಿ, ಹಳೆಯದರಲ್ಲೇ ಆನ್ ಮಾಡಿಕೊಂಡು ಹೊರಡಿ.