ಕಾಲು ಎಟುಕದ ಹೊಸ ಬೈಕು: ಸೀಟು ಕೊಯ್ಯುವ ಮೊದಲು ಮಾಡಬೇಕಾದ ಕೆಲಸಗಳು

ಪ್ರಶ್ನೆ: ನನ್ನ ಎತ್ತರ 157 ಸೆಂ.ಮೀ., ತೂಕ 52 ಕೆ.ಜಿ. ಹತ್ತು ದಿನದ ಹಿಂದೆ ಹೊಸ ಬೈಕು ತೆಗೆದುಕೊಂಡೆ. ಸೀಟಿನ ಎತ್ತರ 805 ಮಿ.ಮೀ. ಓಡಿಸುವಾಗ ಏನೂ ತೊಂದರೆ ಇಲ್ಲ, ನಿಲ್ಲಿಸುವಾಗ ಮಾತ್ರ ಜೀವ ಬಾಯಿಗೆ ಬರುತ್ತದೆ. ಎರಡೂ ಕಾಲು ಇಳಿಬಿಟ್ಟರೆ ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತದೆ. ಮೊನ್ನೆ ಸಿಗ್ನಲ್‌ನಲ್ಲಿ ಬೈಕು ಬಲಕ್ಕೆ ವಾಲಿ ಇನ್ನೇನು ಬಿತ್ತು ಅನ್ನುವಾಗ ಪಕ್ಕದವರು ಹಿಡಿದುಕೊಂಡರು. ಸೀಟು ಕೊಯ್ಯಿಸು ಅಂತಾನೆ ಅಣ್ಣ. ಲೋವರಿಂಗ್ ಲಿಂಕ್ (ಬೈಕಿನ ಹಿಂಭಾಗವನ್ನು ತಗ್ಗಿಸುವ ಜೋಡಣೆ ಪಟ್ಟಿ) ಹಾಕಿದರೆ ಎರಡು ಇಂಚು ಇಳಿಯುತ್ತದೆ ಅಂತಾರೆ ಮೆಕ್ಯಾನಿಕ್. ಸುಮ್ನೆ ಮಾರಿಬಿಡು ಅಂತಾಳೆ ಗೆಳತಿ. ನಾನು ಏನು ಮಾಡಲಿ ಸರ್?

ಉತ್ತರ: ಮಾರಬೇಡಿ. ಸೀಟಿಗೆ ಕತ್ತಿ ಹಾಕುವುದೂ ಸದ್ಯಕ್ಕೆ ಬೇಡ. ಲಿಂಕ್ ಮಾತು ಎಲ್ಲಕ್ಕಿಂತ ಕೊನೆಗೆ.

ಮೊದಲು ಆ 805 ಅನ್ನುವ ಅಂಕಿಯ ಬಗ್ಗೆ ಹೇಳುತ್ತೇನೆ. ಸಾಮಾನ್ಯವಾಗಿ ಅದು ಯಾರೂ ಕೂರದೆ ಬೈಕು ನೆಟ್ಟಗೆ ನಿಂತಾಗ ಅಳೆದ ಎತ್ತರ. ನೀವು ಕೂತ ತಕ್ಷಣ ಶಾಕ್ ಅಬ್ಸಾರ್ಬರ್, ಅಂದರೆ ಹಿಂಚಕ್ರದ ಸ್ಪ್ರಿಂಗ್ ಜೋಡಣೆ, ಒಂದಿಷ್ಟು ಕುಗ್ಗುತ್ತದೆ, ಸೀಟೂ ಅಷ್ಟು ಕೆಳಗೆ ಬರುತ್ತದೆ. ಇನ್ನೊಂದು ವಿಷಯವನ್ನು ಆ ಅಂಕಿ ಹೇಳುವುದೇ ಇಲ್ಲ. ಅದು ಸೀಟಿನ ಅಗಲ. ಅಗಲವಾದ ಸೀಟಿನ ಮೇಲೆ ತೊಡೆಗಳು ಹೊರಕ್ಕೆ ಹರಡಿಕೊಳ್ಳುತ್ತವೆ, ಕಾಲಿನ ಉದ್ದ ಅಲ್ಲೇ ಖರ್ಚಾಗಿಬಿಡುತ್ತದೆ. ಹಾಗಾಗಿ 790 ಮಿ.ಮೀ. ಇರುವ ಅಗಲ ಸೀಟಿನ ಬೈಕಿಗಿಂತ 820 ಇರುವ ಸಪೂರ ಬೈಕೇ ಕೆಲವರಿಗೆ ಸಲೀಸು. ಒಮ್ಮೆ ಪರೀಕ್ಷೆ ಮಾಡಿ ನೋಡಿ. ನಿಲ್ಲಿಸುವಾಗ ಸೀಟಿನ ನಡುವೆ ಕೂರದೆ ಟ್ಯಾಂಕಿನ ಹತ್ತಿರಕ್ಕೆ ಜಾರಿ. ಬಹುತೇಕ ಬೈಕುಗಳಲ್ಲಿ ಸೀಟು ಅಲ್ಲೇ ಕಿರಿದಾಗುವುದು. ಇಷ್ಟರಿಂದಲೇ ಬೆರಳ ತುದಿಯ ಜಾಗದಲ್ಲಿ ಮುಂಗಾಲು ಊರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈಗ ನಿಮ್ಮ ತೂಕದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎತ್ತರವಲ್ಲ, 52 ಕೆ.ಜಿ. ಸಸ್ಪೆನ್ಷನ್ ಅನ್ನು ಕಾರ್ಖಾನೆಯಲ್ಲಿ ಸೆಟ್ ಮಾಡುವುದು ಸಾಮಾನ್ಯವಾಗಿ ನಿಮಗಿಂತ ಭಾರದ ಸವಾರರನ್ನು ಲೆಕ್ಕಕ್ಕೆ ಇಟ್ಟುಕೊಂಡು. ನೀವು ಕೂತಾಗ ಶಾಕ್ ಕುಗ್ಗಬೇಕಾದಷ್ಟು ಕುಗ್ಗುತ್ತಿಲ್ಲ. ಅಂದರೆ ಬೈಕು ನಿಮ್ಮ ಪಾಲಿಗೆ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ನಿಂತಿದೆ. ಇದನ್ನು ಸರಿಮಾಡಿದರೆ ಕಾಲೂ ಎಟುಕುತ್ತದೆ, ಉಬ್ಬುತಗ್ಗಿನಲ್ಲಿ ಬೈಕು ನಿಮ್ಮನ್ನು ಎತ್ತಿ ಎತ್ತಿ ಹಾಕುವುದೂ ನಿಲ್ಲುತ್ತದೆ.

ಅಳೆಯುವುದು ಕಷ್ಟವಲ್ಲ, ಇಬ್ಬರ ಸಹಾಯ ಬೇಕು ಅಷ್ಟೇ. ಹಿಂದಿನ ಚಕ್ರ ನೆಲ ಬಿಡುವ ಹಾಗೆ ಬೈಕನ್ನು ಎತ್ತಿ ಹಿಡಿಯಲು ಹೇಳಿ. ಆಗ ಚಕ್ರದ ನಡುವಿನ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಯಾವುದಾದರೂ ಒಂದು ಬೋಲ್ಟ್‌ವರೆಗೆ ಟೇಪ್ ಹಿಡಿದು ಅಳೆಯಿರಿ. ಆಮೇಲೆ ನೀವು ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕಿಕೊಂಡು ಕೂತು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು, ಅದೇ ಎರಡು ಜಾಗದ ನಡುವೆ ಮತ್ತೊಮ್ಮೆ ಅಳೆಸಿ. ಎರಡು ಅಳತೆಗಳ ವ್ಯತ್ಯಾಸಕ್ಕೆ ಸ್ಯಾಗ್ ಅನ್ನುತ್ತಾರೆ. ಹಿಂಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಆಡಬಲ್ಲದೋ ಅದರ ಮೂರನೇ ಒಂದು ಭಾಗದ ಆಸುಪಾಸು ಇದ್ದರೆ ಸರಿ. ಚಕ್ರದ ಆಟ 120 ಮಿ.ಮೀ. ಇದ್ದರೆ ಸ್ಯಾಗ್ 35ರಿಂದ 40 ಬರಬೇಕು. ನಿಮ್ಮ ಬೈಕಿನಲ್ಲಿ 20 ಬಂದರೂ ನನಗೆ ಆಶ್ಚರ್ಯ ಆಗುವುದಿಲ್ಲ.

ಕಡಿಮೆ ಇದ್ದರೆ ಶಾಕ್‌ನ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಇಳಿಸಿ. ಸ್ಪ್ರಿಂಗಿನ ಒಂದು ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿರುವ ಉಂಗುರ ಇರುತ್ತದಲ್ವಾ, ಅದನ್ನು ತಿರುಗಿಸುವ ಸಿ-ಸ್ಪ್ಯಾನರ್ ಎಷ್ಟೋ ಬೈಕುಗಳ ಟೂಲ್ ಕಿಟ್‌ನಲ್ಲೇ ಸಿಗುತ್ತದೆ. ಎರಡು ಶಾಕ್ ಇರುವ ಬೈಕಾದರೆ ಎರಡನ್ನೂ ಒಂದೇ ಮೆಟ್ಟಿಲಿಗೆ ತನ್ನಿ, ಒಂದು ಹೆಚ್ಚು ಒಂದು ಕಡಿಮೆ ಮಾಡಬೇಡಿ. ಪ್ರಿಲೋಡ್ ಇಳಿಸಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಸ್ಪ್ರಿಂಗ್ ಅಷ್ಟೇ ಗಟ್ಟಿ ಇರುತ್ತದೆ, ಬೈಕು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ನಿಮಗೆ ಬೇಕಾದ್ದೂ ಅದೇ ತಾನೇ! ಕೊನೆಯ ಮೆಟ್ಟಿಲಿಗೆ ಇಳಿಸಿದ ಮೇಲೂ ಸ್ಯಾಗ್ ಸಾಲದಿದ್ದರೆ, ನಿಮ್ಮ ತೂಕಕ್ಕೆ ಹೊಂದುವ ಮೆತ್ತನೆಯ ಸ್ಪ್ರಿಂಗ್ ಹಾಕಿಸಬಹುದು. ಲಿಂಕ್‌ಗಿಂತ ಅದು ಎಷ್ಟೋ ಮೇಲು. ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವ ದಿನ ಪ್ರಿಲೋಡ್ ಮತ್ತೆ ಏರಿಸಲು ಮರೆಯಬೇಡಿ. ಇಲ್ಲದಿದ್ದರೆ ಹಿಂಭಾಗ ಕುಸಿದು ಹೆಡ್‌ಲೈಟ್ ಆಕಾಶ ನೋಡುತ್ತದೆ.

ಎರಡೂ ಪಾದ ಪೂರ್ತಿ ಊರಲೇಬೇಕು ಅನ್ನುವ ಹಟವನ್ನು ಮಾತ್ರ ದಯವಿಟ್ಟು ಬಿಡಿ. ಬೈಕ್ ರೇಸರ್ ಡಾನಿ ಪೆಡ್ರೋಸಾ ನಿಮ್ಮಷ್ಟೇ ಎತ್ತರದ ಮನುಷ್ಯ, ಹೆಚ್ಚೆಂದರೆ 160 ಸೆಂ.ಮೀ. 2003ರಲ್ಲಿ 125 ಸಿಸಿ, 2004 ಮತ್ತು 2005ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದವನು, ಆಮೇಲೆ ಇನ್ನೂ ದೊಡ್ಡ ಬೈಕುಗಳ ಮೋಟೋಜಿಪಿ ರೇಸುಗಳಲ್ಲೂ ವರ್ಷಗಟ್ಟಲೆ ಗೆದ್ದವನು. ರೇಸಿನಲ್ಲಿ ಸಿಗ್ನಲ್ ಇರುವುದಿಲ್ಲ ಅನ್ನುವುದು ಬೇರೆ ಮಾತು, ಒಪ್ಪುತ್ತೇನೆ. ಆದರೂ ನಿಂತ ಬೈಕನ್ನು ಹಿಡಿದಿಡಲು ಒಂದು ಪಾದ ಸಾಕು. ಅದು ಎಡಪಾದ. ಬಲಪಾದಕ್ಕೆ ಹಿಂದಿನ ಬ್ರೇಕ್ ಒತ್ತಿ ಹಿಡಿಯುವ ಕೆಲಸ ಇದೆ. ನಿಲ್ಲುವ ಮೊದಲೇ ಒಂದನೇ ಗೇರಿಗೆ ಬನ್ನಿ. ಸೀಟಿನ ಮೇಲೆ ಸೊಂಟವನ್ನು ಒಂದು ಹಿಡಿಯಷ್ಟು ಎಡಕ್ಕೆ ಜಾರಿಸಿ. ಹ್ಯಾಂಡಲ್ ನೇರ ಇರಲಿ, ನೋಟ ಮುಂದೆ ಇರಲಿ. ಎಡಪಾದ ಪೂರ್ತಿ ಊರುತ್ತದೆ, ಬೈಕು ಎಡಕ್ಕೆ ಚೂರೇ ಚೂರು ಒರಗಿ ನಿಲ್ಲುತ್ತದೆ. ಎರಡು ಕಾಲಿನ ತುದಿಬೆರಳ ಮೇಲೆ ನಿಲ್ಲಿಸಿದ ಬೈಕು ಯಾವ ಕಡೆಗಾದರೂ ವಾಲಬಹುದು. ಹೀಗೆ ನಿಲ್ಲಿಸಿದರೆ ಅದು ಯಾವ ಕಡೆಗೆ ಬರುತ್ತದೆ ಅಂತ ನಿಮಗೆ ಮೊದಲೇ ಗೊತ್ತು.

ಮೊನ್ನೆ ಬಲಕ್ಕೆ ವಾಲಿತು ಅಂದಿರಿ. ಹ್ಯಾಂಡಲ್ ತಿರುಗಿದ್ದಾಗಲೇ ಮುಂದಿನ ಬ್ರೇಕ್ ಹಿಡಿದಿರಬೇಕು ಅಂತ ನನ್ನ ಊಹೆ. ನಡೆಯುವ ವೇಗದಲ್ಲಿ ಹಾಗೆ ಮಾಡಿದರೆ ಬೈಕು ಹ್ಯಾಂಡಲ್ ತಿರುಗಿದ ಕಡೆಗೇ ಬೀಳುತ್ತದೆ. ಎತ್ತರದವರನ್ನೂ ಬೀಳಿಸುತ್ತದೆ. ಅಷ್ಟು ನಿಧಾನದಲ್ಲಿ ಹಿಂದಿನ ಬ್ರೇಕೇ ಗತಿ. ಖಾಲಿ ಮೈದಾನದಲ್ಲಿ ಒಂದು ಗಂಟೆ ಬರೀ ನಿಲ್ಲಿಸುವುದು, ಹೊರಡುವುದು ಮಾಡಿ. ಅದರಿಂದ ಆಗುವ ಲಾಭ ಯಾವ ಲಿಂಕಿನಿಂದಲೂ ಆಗದು. ಇನ್ನು, ನಿಲ್ಲಿಸುವ ಜಾಗವನ್ನು ಆರಿಸಿಕೊಳ್ಳುವ ಅಭ್ಯಾಸ ಬೇಕು. ಎಡಪಾದ ಇಡುವಲ್ಲಿ ಗುಂಡಿ, ಜಲ್ಲಿ, ಎಣ್ಣೆ ಇದೆಯಾ ಅಂತ ನಾಲ್ಕು ಮಾರು ಮೊದಲೇ ನೋಡಿಕೊಳ್ಳಿ. ಪಾರ್ಕ್ ಮಾಡುವಾಗ ಮೂತಿ ಇಳಿಜಾರಿನ ಕಡೆಗೆ ನುಗ್ಗಿಸಿದರೆ ಆಮೇಲೆ ಹಿಂದಕ್ಕೆ ತಳ್ಳಲು ಆಗುವುದಿಲ್ಲ. ತಳ್ಳಲೇಬೇಕಾದಾಗ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ನಾನು 178 ಸೆಂ.ಮೀ. ಇದ್ದೇನೆ, ನಾನೂ ಇಳಿದೇ ತಳ್ಳುತ್ತೇನೆ.

ಬೂಟಿನ ಬಗ್ಗೆ ಎರಡು ಮಾತು. ಗಟ್ಟಿ ಅಡಿಯ ಒಳ್ಳೆಯ ರೈಡಿಂಗ್ ಬೂಟು 20ರಿಂದ 30 ಮಿ.ಮೀ. ಎತ್ತರ ಕೊಡುತ್ತದೆ, ಕಣಕಾಲನ್ನೂ ಕಾಯುತ್ತದೆ. ಅದಕ್ಕಿಂತ ದಪ್ಪ ಬೇಡ, ಗೇರ್ ಲಿವರ್ ಕಾಲಿಗೆ ತಿಳಿಯುವುದಿಲ್ಲ. ದಪ್ಪ ಬೂಟು ಲಿವರಿನ ಅಡಿಗೆ ತೂರದಿದ್ದರೆ ಲಿವರನ್ನೇ ಒಂದು ಹಲ್ಲು ಮೇಲಕ್ಕೆ ಹಾಕಿಸಿ.

ಇಷ್ಟೆಲ್ಲ ಮಾಡಿ ಒಂದು ತಿಂಗಳು ಓಡಿಸಿ. ಹೊಸ ಫೋಮ್ ಕೂತು ಕೂತು ಸ್ವಲ್ಪ ತಗ್ಗುತ್ತದೆ, ಹೊಸ ಶಾಕ್ ಕೂಡ ಸಡಿಲವಾಗುತ್ತದೆ. ಆಗಲೂ ಸಾಲದು ಅನ್ನಿಸಿದರೆ ಸೀಟಿಗೆ ಕೈ ಹಾಕಿ. ನಿಮ್ಮ ಬೈಕಿಗೆ ಕಂಪನಿಯದೇ ತಗ್ಗಿನ ಸೀಟು ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಹಲವು ಮಾದರಿಗಳಿಗೆ ಸಿಗುತ್ತದೆ. ಸಿಗದಿದ್ದರೆ ಕುಶನ್ ಕೆಲಸದವರ ಹತ್ತಿರ ಹೋಗಿ. ಅವರಿಗೆ "ಸೀಟು ತಗ್ಗಿಸಿ" ಅಂತ ಮಾತ್ರ ಹೇಳಬೇಡಿ, ಮೇಲಿನಿಂದ ಎರಡು ಇಂಚು ಕೊಯ್ದು ಹಲಗೆ ಮಾಡಿ ಕೊಡುತ್ತಾರೆ. ಟ್ಯಾಂಕಿನ ಪಕ್ಕದ ಎರಡೂ ಅಂಚುಗಳನ್ನು ಕೆತ್ತಿ ಸಪೂರ ಮಾಡಲು ಹೇಳಿ, ಮೇಲಿನಿಂದ ತೆಗೆಯುವುದು 20 ಮಿ.ಮೀ. ಮೀರದಿರಲಿ. ಮುಂದಕ್ಕೆ ಇಳಿಜಾರು ಆಗಕೂಡದು, ಬ್ರೇಕ್ ಹಾಕಿದಾಗಲೆಲ್ಲ ಟ್ಯಾಂಕಿಗೆ ಹೋಗಿ ಒತ್ತಿಕೊಳ್ಳುತ್ತೀರಿ. ಸಾಧ್ಯವಾದರೆ ಇದಕ್ಕೆ ಬೇರೆ ಸೀಟೇ ತನ್ನಿ. ಬೈಕಿನ ಜೊತೆ ಬಂದದ್ದು ಮನೆಯಲ್ಲಿ ಹಾಗೇ ಇರಲಿ.

ಈಗ ಒಂದು ಲೆಕ್ಕ ನೋಡಿ. ಪ್ರಿಲೋಡಿನಿಂದ 15, ಬೂಟಿನಿಂದ 20, ಸೀಟಿನಿಂದ 20. ಒಟ್ಟು 55 ಮಿ.ಮೀ. ಮೆಕ್ಯಾನಿಕ್ ಹೇಳಿದ ಎರಡು ಇಂಚು ಬಂತು, ಒಂದು ಬೋಲ್ಟೂ ಬಿಚ್ಚಲಿಲ್ಲ.

ಪ್ರಶ್ನೆ: ಮೇಲಿನವರಂತೆ ನಾನೂ ಗಿಡ್ಡ. ಆದರೆ ಲೋವರಿಂಗ್ ಲಿಂಕ್ ಹಾಕಿಸಿ ಆಗಿದೆ, ಹಿಂಭಾಗ 40 ಮಿ.ಮೀ. ಇಳಿದಿದೆ. ಕಾಲು ಚೆನ್ನಾಗಿ ಎಟುಕುತ್ತದೆ. ಆದರೆ ಸೈಡ್ ಸ್ಟ್ಯಾಂಡ್ ಹಾಕಿದ ಬೈಕು ಎರಡು ಸಲ ತಾನಾಗಿ ಬಿದ್ದಿದೆ. ತಿರುವಿನಲ್ಲಿ ಹ್ಯಾಂಡಲ್ ಭಾರ ಅನ್ನಿಸುತ್ತದೆ. ಲಿಂಕ್ ತೆಗೆಸಬೇಕಾ?

ಉತ್ತರ: ತೆಗೆಸಲೇಬೇಕು ಅಂತ ಏನಿಲ್ಲ. ಆದರೆ ನಿಮಗೆ ಅರ್ಧ ಕೆಲಸ ಮಾತ್ರ ಮಾಡಿಕೊಟ್ಟಿದ್ದಾರೆ.

ಹಿಂಭಾಗ ಮಾತ್ರ ಇಳಿದರೆ ಮುಂದಿನ ಫೋರ್ಕ್ (ಮುಂಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಇನ್ನಷ್ಟು ಹಿಂದಕ್ಕೆ ಒರಗುತ್ತದೆ. ಮುಂಚಕ್ರದ ಮೇಲಿನ ಭಾರವೂ ಕಡಿಮೆಯಾಗುತ್ತದೆ. ಹ್ಯಾಂಡಲ್ ತಿರುಗಲು ಸೋಮಾರಿಯಾಗುವುದು ಇದೇ ಕಾರಣಕ್ಕೆ. ಪರಿಹಾರ ಅಂದರೆ ಫೋರ್ಕಿನ ಎರಡೂ ಕೊಳವೆಗಳನ್ನು ಕ್ಲ್ಯಾಂಪ್ ಸಡಿಲಿಸಿ ಮೇಲಕ್ಕೆ ಸರಿಸುವುದು, ಅಂದರೆ ಮುಂಭಾಗವನ್ನೂ ಇಳಿಸುವುದು. ಎಷ್ಟು ಅನ್ನುವುದು ಬೈಕಿನ ಮೇಲೆ ಹೋಗುತ್ತದೆ. ಮೊದಲು 10 ಮಿ.ಮೀ. ಸರಿಸಿ ಓಡಿಸಿ ನೋಡಿ, ಆಮೇಲೆ ಐದೈದರಂತೆ ಹೋಗಿ. ಎರಡೂ ಕೊಳವೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಸಮ ಇರಬೇಕು, ಬೋಲ್ಟುಗಳನ್ನು ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು. ಫೋರ್ಕ್ ಪೂರ್ತಿ ಕುಗ್ಗಿದಾಗ ಮುಂದಿನ ಮಡ್‌ಗಾರ್ಡ್ ಕೆಳಗಿನ ಕ್ಲ್ಯಾಂಪಿಗೋ ರೇಡಿಯೇಟರಿಗೋ ತಾಗುತ್ತದಾ ಅಂತ ನೋಡಿಸುವುದು ಕಡ್ಡಾಯ. ಹಿಂದೆಯೂ ಹಾಗೇ, ದೊಡ್ಡ ಗುಂಡಿಯಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿದ ಗುರುತು ಇದೆಯಾ ನೋಡಿ.

ಸ್ಟ್ಯಾಂಡಿನ ಕತೆ ಸರಳ. ಬೈಕು ಇಳಿಯಿತು, ಸ್ಟ್ಯಾಂಡ್ ಅಷ್ಟೇ ಉದ್ದ ಉಳಿಯಿತು. ಹಾಗಾಗಿ ಬೈಕು ಎಡಕ್ಕೆ ಒರಗುವ ಬದಲು ಹೆಚ್ಚು ಕಡಿಮೆ ನೆಟ್ಟಗೆ ನಿಲ್ಲುತ್ತದೆ. ಯಾರಾದರೂ ಚೂರು ತಾಗಿದರೂ ಬಲಕ್ಕೆ ಉರುಳುತ್ತದೆ. ನನ್ನದೇ ಒಂದು ಹಳೆಯ ಬೈಕು ಹೀಗೆ ಬಿದ್ದು ಪಕ್ಕದ ಸ್ಕೂಟರಿನ ಕನ್ನಡಿ ಮುರಿದಿತ್ತು. ನೋಡಿದವರೆಲ್ಲ ಗಾಳಿಗೆ ಬಿತ್ತು ಅಂದರು, ನಾನೂ ಹೂಂ ಅಂದೆ. ಗಿಡ್ಡ ಸ್ಟ್ಯಾಂಡ್ ಸಿಕ್ಕರೆ ಹಾಕಿಸಿ, ಇಲ್ಲದಿದ್ದರೆ ಇರುವುದನ್ನೇ ಕತ್ತರಿಸಿ ಬೆಸುಗೆ ಹಾಕಿಸಬೇಕು. ಸೆಂಟರ್ ಸ್ಟ್ಯಾಂಡ್ ಇದ್ದರೆ ಅದಕ್ಕೆ ಎತ್ತುವುದೂ ಈಗ ಜಾಸ್ತಿ ಕಷ್ಟ ಆಗಿರುತ್ತದೆ. ಹೆಡ್‌ಲೈಟಿನ ಬೆಳಕನ್ನು ಕೆಳಕ್ಕೆ ತಿರುಗಿಸಿ, ಚೈನಿನ ಸಡಿಲ ಇನ್ನೊಮ್ಮೆ ನೋಡಿಸಿ. ತಿರುವಿನಲ್ಲಿ ಫುಟ್‌ರೆಸ್ಟ್ ಮೊದಲಿಗಿಂತ ಬೇಗ ನೆಲಕ್ಕೆ ಕೆರೆಯುತ್ತದೆ. ಅದಕ್ಕೆ ಮದ್ದಿಲ್ಲ, ಕಡಿಮೆ ವಾಲಿಸಬೇಕು ಅಷ್ಟೇ. ವಾರಂಟಿ ಇನ್ನೂ ಇದ್ದರೆ ಲಿಂಕ್ ಹಾಕಿದ್ದರಿಂದ ಅದಕ್ಕೆ ಏನಾಗುತ್ತದೆ ಅಂತ ಸರ್ವೀಸ್ ಸೆಂಟರಿನಲ್ಲಿ ಬರಹದಲ್ಲೇ ಕೇಳಿ.

ಅಂದಹಾಗೆ ಈ ತಾಪತ್ರಯ ಕಂಪನಿಗಳಿಗೂ ಗೊತ್ತು. ಹಾರ್ಲೆ ಡೇವಿಡ್‌ಸನ್ 2021ರಲ್ಲಿ ತಂದ ಪ್ಯಾನ್ ಅಮೆರಿಕ ಬೈಕಿಗೆ, ನಿಲ್ಲುವ ಹೊತ್ತಿಗೆ ತಾನೇ ಕೆಳಗಿಳಿದು ಹೊರಟ ಮೇಲೆ ಮೇಲೇಳುವ ಸಸ್ಪೆನ್ಷನ್ ಬೇಕಾದರೆ ಹಾಕಿಸಿಕೊಳ್ಳಬಹುದಿತ್ತು. ಒಂಟೆ ಮಂಡಿಯೂರಿ ಕೂರಿಸಿಕೊಂಡ ಹಾಗೆ.

ಪ್ರಶ್ನೆ: ಕಾಲು ಎಟುಕುತ್ತದೆ, ಆದರೆ ನನ್ನ ಕೈಬೆರಳು ಗಿಡ್ಡ. ಕ್ಲಚ್ ಲಿವರ್ ಹಿಡಿಯಲು ಬೆರಳು ಚಾಚಿ ಚಾಚಿ ಕೈ ನೋಯುತ್ತದೆ.

ಉತ್ತರ: ಲಿವರ್ ಬುಡದಲ್ಲಿ ಅಂಕಿ ಬರೆದ ಸಣ್ಣ ಚಕ್ರ ಇದೆಯಾ ನೋಡಿ. ಇದ್ದರೆ ಲಿವರನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಹಿಡಿದು ಅದನ್ನು ತಿರುಗಿಸಿ, ಲಿವರ್ ಹಿಡಿಗೆ ಹತ್ತಿರ ಬರುತ್ತದೆ. ಇಲ್ಲದಿದ್ದರೆ ಹಾಗೆ ಹೊಂದಿಸಬಹುದಾದ ಲಿವರ್ ಬೇರೆ ಸಿಗುತ್ತದೆ. ಲಿವರಿನ ಓರೆಯನ್ನೂ ಸರಿಮಾಡಿಸಿ. ಕೂತಾಗ ಮುಂಗೈಯಿಂದ ಬೆರಳವರೆಗೆ ಒಂದೇ ಗೆರೆ ಬರಬೇಕು, ಮಣಿಕಟ್ಟು ಮೇಲಕ್ಕೆ ಮುರಿಯಬಾರದು. ಕ್ಲಚ್ ಕೇಬಲ್ ಸಡಿಲ ಬಿಟ್ಟು ಲಿವರ್ ಹತ್ತಿರ ತರುವವರೂ ಇದ್ದಾರೆ, ಹಾಗೆ ಮಾಡಬೇಡಿ. ಕ್ಲಚ್ ಪೂರ್ತಿ ಬಿಡದೆ ಗೇರ್ ಕಿರಿಕಿರಿ ಶುರುವಾಗುತ್ತದೆ. ಮುಂದಿನ ಬ್ರೇಕ್ ಲಿವರ್ ಹತ್ತಿರ ತಂದರೆ, ಗಟ್ಟಿಯಾಗಿ ಒತ್ತಿದಾಗಲೂ ಅದು ಹಿಡಿಗೆ ತಾಗುತ್ತಿಲ್ಲ ಅಂತ ನೋಡಿಕೊಂಡೇ ರಸ್ತೆಗೆ ಇಳಿಯಿರಿ.