ಅಂಜೂರದ ಕಡ್ಡಿ ಚಿಗುರಿತು, ಬೇರೆಲ್ಲಿ?

ಪ್ರಶ್ನೆ: 200 ಅಂಜೂರದ ಕಡ್ಡಿಗಳನ್ನು ಐಬಿಎ (ಬೇರು ಬರಿಸುವ ಹಾರ್ಮೋನ್) 2000 ಪಿಪಿಎಂ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ ಚೀಲದಲ್ಲಿ ನೆಟ್ಟೆ. ಅಜೋಸ್ಪಿರಿಲಂ ಜೀವಾಣು ಗೊಬ್ಬರ ಹಾಕಿ, ಕೊಳೆಯಬಾರದೆಂದು ಮರುದಿನ ತಾಮ್ರದ ಔಷಧಿ ಕಾಪರ್ ಆಕ್ಸಿಕ್ಲೋರೈಡ್ ಸುರಿದೆ. ಎರಡು ವಾರಕ್ಕೆ ಚಿಗುರಿ, ತಿಂಗಳಿಗೆ ಒಣಗಿದವು. ಹಾರ್ಮೋನ್ ಕಡಿಮೆಯಾಯಿತೇ? (ಕುಷ್ಟಗಿ ಓದುಗರು)

ಉತ್ತರ: ಕಡಿಮೆ ಅಲ್ಲ ಸ್ವಾಮಿ, ಜಾಸ್ತಿ. ಈ ಪ್ರಶ್ನೆ ಪ್ರತಿ ಚಾಟನಿ (ಕೊಂಬೆ ಸವರುವುದು) ಆದ ಮೇಲೆ ಬರುತ್ತದೆ. ಆ ಮೊದಲ ಚಿಗುರು ಕಡ್ಡಿ ತನ್ನೊಳಗೆ ಕೂಡಿಟ್ಟ ಆಹಾರದ್ದು. ಅದು ಮುಗಿಯುವುದರೊಳಗೆ ಬೇರು ಬರದಿದ್ದರೆ ಎಲೆ ಬಾಡುತ್ತದೆ, ಅಷ್ಟೇ.

ಒಂದು ಕಡ್ಡಿ ಕಿತ್ತು ಬುಡ ನೋಡಿ. ಕರ್ರಗಾಗಿದ್ದರೆ ಹಾರ್ಮೋನೇ ಬುಡವನ್ನು ಸುಟ್ಟಿರಬೇಕು. 2000 ಪಿಪಿಎಂ ಅಂದರೆ ಲೀಟರಿಗೆ 2 ಗ್ರಾಂ. ಅಷ್ಟು ಗಟ್ಟಿ ದ್ರಾವಣದಲ್ಲಿ ಬುಡವನ್ನು ಐದು ಸೆಕೆಂಡು ಅದ್ದಿ ತೆಗೆಯಬೇಕು, ಅರ್ಧ ಗಂಟೆಯಲ್ಲ. ಐಬಿಎ ಬರೀ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಮೊದಲು ಸ್ಪಿರಿಟ್‌ನಲ್ಲಿ ಕರಗಿಸಬೇಕು. ನಾನೂ ಒಮ್ಮೆ ಜಾಣತನ ಮಾಡಿ 5000 ಮಾಡಿದ್ದೆ. ಎರಡು ಸಾಲು ಇದ್ದಿಲಾಯಿತು. ಅಂಜೂರ ಹಾರ್ಮೋನ್ ಇಲ್ಲದೆಯೂ ಬೇರು ಬಿಡುವ ಗಿಡ. ಹಾರ್ಮೋನ್ ಬೇರುಗಳನ್ನು ಹೆಚ್ಚಿಸುತ್ತದೆ, ಸತ್ತ ಕಡ್ಡಿಯನ್ನು ಎಬ್ಬಿಸುವುದಿಲ್ಲ.

ಇನ್ನು ಅಜೋಸ್ಪಿರಿಲಂ. ಅದು ಜೀವ ಇರುವ ಬ್ಯಾಕ್ಟೀರಿಯಾ. ಒಂದು ದಿನ ಅದನ್ನು ಹಾಕಿ, ಮರುದಿನ ಬ್ಯಾಕ್ಟೀರಿಯಾ ಕೊಲ್ಲುವ ತಾಮ್ರ ಸುರಿದರೆ ಉಳಿಯುವುದೇನು? ಎರಡರ ನಡುವೆ ಎರಡು ವಾರವಾದರೂ ಬಿಡಿ. ಬೇರಿಗೆ ಬೇಕಾದ ಆಕ್ಸಿನ್ ಎಂಬ ಹಾರ್ಮೋನನ್ನು ಈ ಬ್ಯಾಕ್ಟೀರಿಯಾ ತಾನೇ ಸ್ವಲ್ಪ ತಯಾರಿಸುತ್ತದೆ, ನಿಜ. ಆದರೆ ಅದು ಬದುಕುವುದು ಎಳೆ ಬೇರಿನ ಸುತ್ತ. ಹಾಗಾಗಿ ಹಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಬಿಳಿ ಬೇರು ಕಂಡ ಮೇಲೆ ಕೊಡಿ. ಪ್ಯಾಕೆಟ್ ಕೊಳ್ಳುವಾಗ ತಾರೀಖು ನೋಡಿ. ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಬಿದ್ದಿದ್ದ ಪ್ಯಾಕೆಟ್‌ನಲ್ಲಿ ಇರುವುದು ಬಹುಪಾಲು ಬರೀ ಪುಡಿ.

ನೀವು ಕೇಳದ ಒಂದು ಮಾತು: ಚೀಲಕ್ಕೆ ಹಳೆ ಅಂಜೂರ ತೋಟದ ಮಣ್ಣು ತುಂಬಬೇಡಿ. ಬೇರುಗಂಟು ಜಂತುಹುಳು ಸಸಿಯ ಜೊತೆಗೇ ಹೊಲಕ್ಕೆ ಬರುತ್ತದೆ. ಹೊಲಕ್ಕೆ ಸೇರಿದ ಮೇಲೆ ಅದನ್ನು ಪೂರ್ತಿ ತೆಗೆಯುವುದು ಆಗದ ಮಾತು. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲನೇ. ಗಂಟು ಕಂಡ ಒಂದೇ ಸಸಿಗೆ ಇಡೀ ಸಾಲನ್ನೇ ಸುಟ್ಟಿದ್ದೇನೆ.

ಪ್ರಶ್ನೆ: ಹಾರ್ಮೋನ್ ಬದಲು ಜೇನುತುಪ್ಪ ಹಚ್ಚಬಹುದೇ? (ಸಿಂಧನೂರು)

ಉತ್ತರ: ಜೇನುತುಪ್ಪ ಮಕ್ಕಳಿಗೆ ಕೊಡಿ.

ಪ್ರಶ್ನೆ: ಅಂಜೂರ ಕಾಯಿ ಕಟ್ಟಲು ಪರಾಗ ತರುವ ಕಣಜದ ಹುಳು ಬೇಕಂತೆ? (ಸಿರುಗುಪ್ಪ)

ಉತ್ತರ: ಸ್ಮಿರ್ನಾ ಜಾತಿಗೆ ಬೇಕು. ನಮ್ಮ ಪೂನಾ, ಡಯಾನಾ ಪರಾಗವಿಲ್ಲದೆಯೇ ಕಟ್ಟುತ್ತವೆ. ಹುಳು ಮಾರಲು ಬಂದವನನ್ನು ಸುಮ್ನೆ ಕಳಿಸಿ.

ಪ್ರಶ್ನೆ: ಬೈಕಿನಲ್ಲಿ ಬಂದವರು ‘ಬೇರು ಟಾನಿಕ್’ ಕೊಟ್ಟರು. ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಇದೆಯಂತೆ. ಹಾಕಲೇ? (ಗಂಗಾವತಿ)

ಉತ್ತರ: ಟ್ರೈಕೋಡರ್ಮಾ ಶಿಲೀಂಧ್ರ, ಬ್ಯಾಕ್ಟೀರಿಯಾ ಅಲ್ಲ. ಅಷ್ಟೂ ಗೊತ್ತಿಲ್ಲದವರ ಬಾಟಲಿ ನಿಮಗೇಕೆ?