ಆಟಗಾರರೇ ನಿಲ್ಲುವುದಿಲ್ಲ ಅಂದಮೇಲೆ ಮೈನರ್ ಲೀಗ್ ಬೇಸ್‌ಬಾಲ್ ತಂಡಕ್ಕೂ ಊರಿಗೂ ಏನು ನಂಟು?

ನಂಟು ಗಟ್ಟಿಯಾಗೇ ಇದೆ. ಮೈನರ್ ಲೀಗ್ ಅಂದರೆ ದೊಡ್ಡ ಲೀಗ್‌ಗೆ ಆಟಗಾರರನ್ನು ತಯಾರು ಮಾಡುವ ಕೆಳಹಂತದ ಲೀಗ್. ಆಟಗಾರ ಇವತ್ತು ಇಲ್ಲಿರ್ತಾನೆ, ನಾಳೆ ಮೇಲಿನ ಲೀಗ್‌ಗೆ ಹೋಗ್ತಾನೆ, ಜನ ಯಾರನ್ನು ನೋಡಿ ಅಭಿಮಾನ ಇಟ್ಕೊಳ್ತಾರೆ ಅಂತ ಕೇಳಿದ್ದೀರಿ. ನನ್ನ ಉತ್ತರ: ಅವರ ಅಭಿಮಾನ ಊರಿನ ಮೇಲೆ. ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ಡರ್ಹಮ್ ಪಕ್ಕದಲ್ಲಿ. ಹಾಗಾಗಿ ಡರ್ಹಮ್ ಬುಲ್ಸ್ ತಂಡದ ಕಥೆಯನ್ನೇ ಹೇಳುತ್ತೇನೆ.

ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆಟಗಾರರ ಸಂಬಳ ಕೊಡುವುದು ಮೇಜರ್ ಲೀಗ್, ಅಂದರೆ ಎಲ್ಲಕ್ಕಿಂತ ಮೇಲಿನ ಲೀಗ್‌ನ ತಂಡ. ಯಾರನ್ನು ಯಾವಾಗ ಮೇಲಕ್ಕೆ ಕರೆಸಿಕೊಳ್ಳಬೇಕು ಅನ್ನುವುದೂ ಅವರ ಇಷ್ಟ. 1998ರಿಂದ ಬುಲ್ಸ್‌ಗೆ ಆಟಗಾರರನ್ನು ಕಳಿಸುತ್ತಿರುವುದು ಟ್ಯಾಂಪಾ ಬೇ ತಂಡ, ಅದಕ್ಕೂ ಮುಂಚೆ ಅಟ್ಲಾಂಟಾ. ಚೆನ್ನಾಗಿ ಆಡಿದವನು ಸೀಸನ್ ಮಧ್ಯದಲ್ಲೇ ಹೊರಟುಬಿಡುತ್ತಾನೆ. ಅದಕ್ಕೆ ಇಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ, ಖುಷಿಪಡುತ್ತಾರೆ.

ಉಳಿಯುವುದು ಹೆಸರು, ಜಾಗ, ನೆನಪು. ಡರ್ಹಮ್ ಹೊಗೆಸೊಪ್ಪಿನಿಂದ ಬೆಳೆದ ಊರು. ಹೋರಿಯ ಚಿತ್ರವಿದ್ದ 'ಬುಲ್ ಡರ್ಹಮ್' ತಂಬಾಕು ಒಂದು ಕಾಲಕ್ಕೆ ಪ್ರಪಂಚದಲ್ಲೆಲ್ಲ ಹೆಸರುವಾಸಿ. 1902ರಲ್ಲಿ ತಂಡ ಶುರುವಾದಾಗ ಹೆಸರೇ ಟೊಬ್ಯಾಕೊನಿಸ್ಟ್ಸ್. ಕೆಲವು ವರ್ಷದ ಮೇಲೆ ಆ ಹೋರಿಯ ಹೆಸರೇ ತಂಡಕ್ಕೆ ಬಂತು. ಊರಿನ ದುಡಿಮೆ ಯಾವುದೋ ಅದೇ ತಂಡದ ಹೆಸರು.

ಆ ನಂಟಿಗೆ ಕಹಿಯೂ ಇದೆ. ಮುಂದೆ ಬೇಸ್‌ಬಾಲ್‌ನ ದೊಡ್ಡ ಹೆಸರಾದ ಕಪ್ಪು ಆಟಗಾರ ಜೋ ಮಾರ್ಗನ್ 1963ರಲ್ಲಿ ಇಲ್ಲಿ ಆಡಿದರು. ದಕ್ಷಿಣದ ಊರುಗಳಲ್ಲಿ ಕಪ್ಪು ಜನರನ್ನು ಬೇರೆಯಾಗಿ ಕೂರಿಸುತ್ತಿದ್ದ ಕಾಲ ಅದು. ಆ ಅವಮಾನ ಅವರನ್ನು ತುಂಬಾ ನೋಯಿಸಿತ್ತು. ಇವತ್ತು ಅವರ 18ನೇ ನಂಬರಿನ ಜರ್ಸಿಯನ್ನು ಬುಲ್ಸ್ ಬೇರೆ ಯಾರಿಗೂ ಕೊಡುವುದಿಲ್ಲ. ಅವರು ಇಲ್ಲಿ ಆಡಿದ್ದು ಒಂದೇ ಸೀಸನ್, ಅದೂ ಪೂರ್ತಿಯಲ್ಲ. ಆದರೂ ಊರು ಅವರನ್ನು ಮರೆತಿಲ್ಲ, ಮರೆಯಲೂಬಾರದು.

1972ರಿಂದ 1979ರ ತನಕ ಊರಲ್ಲಿ ತಂಡವೇ ಇರಲಿಲ್ಲ. 1980ರಲ್ಲಿ ಮತ್ತೆ ಬಂತು. 1987ರಲ್ಲಿ ಅಮೆರಿಕನ್ ಟೊಬ್ಯಾಕೊ ಕಾರ್ಖಾನೆಗೆ ಬೀಗ ಬಿತ್ತು. ಮರುವರ್ಷ ಇದೇ ತಂಡದ ಮೇಲೆ ಸಿನಿಮಾ ಬಂದು ಹಳೆಯ ಮೈದಾನ ಜನರಿಗೆ ಸಾಲದಾಯಿತು. 1990ರಲ್ಲಿ ಹೊಸ ಸ್ಟೇಡಿಯಂಗೆ ಸಾಲ ಎತ್ತುವ ವಿಷಯ ಜನರ ಮತದಾನಕ್ಕೆ ಹೋದಾಗ ಜನ ಬೇಡ ಅಂದರು. ತಂಡವನ್ನು ಊರಾಚೆ, ವಿಮಾನ ನಿಲ್ದಾಣದ ಕಡೆ ಒಯ್ಯುವ ಮಾತು ಆಗಲೇ ನಡೆದಿತ್ತು. ನಗರಸಭೆ ಪಟ್ಟು ಬಿಡದೆ ಬೇರೆ ದಾರಿಯಿಂದ ದುಡ್ಡು ಹೊಂದಿಸಿತು. 1995ರಲ್ಲಿ ಸ್ಟೇಡಿಯಂ ಎದ್ದು ನಿಂತಿದ್ದು ಎಲ್ಲಿ ಗೊತ್ತಾ? ಆ ಪಾಳುಬಿದ್ದ ಕಾರ್ಖಾನೆಯ ಪಕ್ಕದಲ್ಲೇ. ಆಮೇಲೆ ತಂಡದ ಮಾಲೀಕ ಕಂಪನಿಯೇ ಕಾರ್ಖಾನೆಯನ್ನೂ ರಿಪೇರಿ ಮಾಡಿಸಿತು. 2004ರಲ್ಲಿ ಅಲ್ಲಿ ಆಫೀಸು, ಹೋಟೆಲುಗಳು ತೆರೆದವು. ಆ ಇಟ್ಟಿಗೆ ಗೋಡೆ, 'ಲಕ್ಕಿ ಸ್ಟ್ರೈಕ್' ಅಂತ ಬರೆದಿರುವ ಚಿಮಣಿ ಈಗಲೂ ಹಾಗೇ ಇವೆ. ನನ್ನ ಪ್ರಕಾರ ತಂಡವನ್ನು ಪೇಟೆಯ ನಡುವೆಯೇ ಉಳಿಸಿಕೊಂಡಿದ್ದು ಡರ್ಹಮ್ ತಗೊಂಡ ಅತಿ ಒಳ್ಳೆಯ ತೀರ್ಮಾನಗಳಲ್ಲಿ ಒಂದು.

ಸ್ಟೇಡಿಯಂನ ಎಡಗಡೆಯ ಎತ್ತರದ ಗೋಡೆಯ ಮೇಲೊಂದು ದೊಡ್ಡ ಹೋರಿ ನಿಂತಿದೆ. ಅಂಥ ಬೋರ್ಡು ಮೊದಲು ಮಾಡಿಸಿದ್ದು ಆ ಸಿನಿಮಾಕ್ಕೆ, ಆಮೇಲೆ ಊರಿನದೇ ಆಗಿಬಿಟ್ಟಿತು. ನಮ್ಮವರು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದರೆ ಹೋರಿಯ ಕಣ್ಣು ಕೆಂಪಾಗುತ್ತದೆ, ಮೂಗಿಂದ ಹೊಗೆ ಬರುತ್ತದೆ, ಬಾಲ ಆಡುತ್ತದೆ. ಚೆಂಡು ಹೋರಿಗೇ ಬಡಿದರೆ ಹೊಡೆದವನಿಗೆ ಮಾಂಸದೂಟ, ಅದರ ಕಾಲಡಿಯ ಹುಲ್ಲಿಗೆ ಬಿದ್ದರೆ ಸಲಾಡ್! ಹೊಡೆದವನ ಹೆಸರು ಗೊತ್ತಿಲ್ಲದ ಮಕ್ಕಳೂ ಆ ಹೊಗೆ ನೋಡಿ ಕುಣಿಯುತ್ತಾರೆ.

ಆದರೆ ಎಲ್ಲ ಊರಿಗೂ ಈ ಅದೃಷ್ಟ ಇಲ್ಲ. ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ 1981ರಲ್ಲಿ 33 ಇನ್ನಿಂಗ್ಸ್‌ಗಳ ಪಂದ್ಯ ನಡೆಯಿತು; ಸಾಮಾನ್ಯವಾಗಿ ಒಂಬತ್ತಕ್ಕೇ ಮುಗಿಯುತ್ತದೆ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಉದ್ದದ ಪಂದ್ಯ ಇನ್ನೊಂದಿಲ್ಲ. ಬೆಳಗಿನ ಜಾವ ನಾಲ್ಕರ ತನಕ ಆಡಿ, ಉಳಿದಿದ್ದನ್ನು ಜೂನ್‌ನಲ್ಲಿ ಮುಗಿಸಿದರು. ಅಂಥ ತಂಡವೂ ಹೊಸ ಸ್ಟೇಡಿಯಂ ವಿಷಯ ಬಗೆಹರಿಯದೆ ಊರು ಬಿಟ್ಟು, 2021ರಿಂದ ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ ಆಡುತ್ತಿದೆ. ನಂಟು ತಾನಾಗಿ ಉಳಿಯುವುದಿಲ್ಲ, ಊರೂ ಮಾಲೀಕರೂ ಇಬ್ಬರೂ ಹಿಡಿದುಕೊಂಡಿರಬೇಕು.

ಈ ಕಡೆ ಬಂದರೆ ಒಂದು ಪಂದ್ಯ ನೋಡಿ. ಆಟದ ನಿಯಮ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಪಕ್ಕದವರನ್ನು ಕೇಳಿದರೆ ಹೇಳಿಕೊಡುತ್ತಾರೆ. ಫಸ್ಟ್ ಬೇಸ್ ಕಡೆ, ಅಂದರೆ ಮೈದಾನದ ಬಲಗಡೆ ಸೀಟು ತಗೊಳ್ಳಿ, ಹೋರಿ ಎದುರಿಗೇ ಕಾಣುತ್ತದೆ.